ಎಡ ಭುಜದ ಎಸಳು

ಕೂಡ್ಲಿಗಿ
19 ನವೆಂಬರ್ 2024, ಮಂಗಳವಾರ

ಪ್ರೀತಿಯ ಖಾಸಿಂ ಬೀಗೆ,

ನಾವೆಲ್ಲ ಕ್ಷೇಮ ಎಂದು ಬರೆಯಲು ಹೊರಟು ಪೆನ್ನು ಕೆಳಗಿಟ್ಟೆ. ಯಾರಿಗೂ ಜ್ವರವಿಲ್ಲ, ಯಾರೂ ಬಿದ್ದು ಕೈಕಾಲು ಮುರಿದುಕೊಂಡಿಲ್ಲ. ಆ ಮಟ್ಟಿಗೆ ಕ್ಷೇಮವೇ. ಆದರೆ ನಿನ್ನೆ ಬೆಳಗ್ಗೆ ನಮ್ಮ ಬಸವಣ್ಣನ ಗುಡಿಯಲ್ಲಿ ಒಂದು ಸಂಗತಿ ನಡೆಯಿತು. ಆಗಿನಿಂದ ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ. ಇವತ್ತು ಬೆಳಗ್ಗೆ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದೆ. ನಮ್ಮ ಮನೆಯವರು ಅದನ್ನು ಕುಡಿದು, ಲೋಟ ಕೆಳಗಿಟ್ಟು ಎದ್ದು ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ನಿನ್ನ ಕಿವಿಗೆ ಕೇಳುವ ಹಾಗೆ ಕೂಗಿದರೆ ನಮ್ಮ ಓಣಿಯ ಎರಡೂ ತುದಿಗೆ ಕೇಳುತ್ತದೆ. ವಾಟ್ಸ್ಯಾಪಿನಲ್ಲಿ ಹಾಕಿದರೆ ನಿನಗಿಂತ ಮೊದಲು ನಿನ್ನ ಮೊಮ್ಮಗಳು ಮುಸ್ಕಾನ್ ಓದುತ್ತಾಳೆ. ಅದಕ್ಕೇ ಕಾಗದ. ಕನ್ನಡಕ ಹುಡುಕಿ ಹಾಕಿಕೊಂಡು, ಬಾಗಿಲು ಮುಂದೆ ಮಾಡಿ, ನೀನೊಬ್ಬಳೇ ಓದು. ನಾವಿಬ್ಬರೂ ಏಳನೇ ಇಯತ್ತೆವರೆಗೆ ಒಂದೇ ಬೆಂಚಿನ ಮೇಲೆ ಕುಳಿತು ಕಲಿತ ಅಕ್ಷರ ಇಂಥ ದಿನಕ್ಕಾದರೂ ಬೇಕಲ್ಲ.

ಭಾಗ್ಯಾಳ ವಿಷಯ. ನಿನ್ನ ಸೊಸೆಯ ಸೀಮಂತಕ್ಕೆ ಹರಪನಹಳ್ಳಿಗೆ ಬಂದಾಗ, ನನ್ನ ಮಗಳು ಮೂವತ್ತು ದಾಟಿದಳು, ಯಾವ ಗಂಡನ್ನೂ ಒಪ್ಪುತ್ತಿಲ್ಲ ಎಂದು ನಿನ್ನ ಮುಂದೆ ಅತ್ತಿದ್ದೆ. ಅದಾದ ಕೆಲವು ದಿನಕ್ಕೇ ಅವಳು ತಾನಾಗಿ ಬಂದು, ಒಬ್ಬರನ್ನು ಒಪ್ಪಿದ್ದೇನೆ ಅಂದಳು. ಹೆಸರು ಗುರುಬಸವರಾಜ. ಹಡಗಲಿ ತಾಲೂಕಿನ ಇಟ್ಟಿಗಿಯವನು. ಮಲ್ಲಿಗೆ ತೋಟ ಇದೆ, ಉಳಿದದ್ದರಲ್ಲಿ ಮೆಕ್ಕೆಜೋಳ. ಅವರು ನಮ್ಮ ಹಾಗೆ ಪೂಜೆ ಮಾಡುವ ಐನೋರಲ್ಲ. ಅದಕ್ಕೂ ನಾನು ತಕರಾರು ತೆಗೆಯಲಿಲ್ಲ. ಎಲ್ಲಿ ಪರಿಚಯ ಎಂದು ಕೇಳಿದೆ. ಅಲ್ಲಿಗೆ ನನ್ನ ಸಂತೋಷ ಮುಗಿಯಿತು.

ಅವನು ಭಾಗ್ಯ ಕೆಲಸ ಮಾಡುವ ಹಗರಿಬೊಮ್ಮನಹಳ್ಳಿಯ ಲ್ಯಾಬಿಗೆ ತಿಂಗಳಿಗೊಮ್ಮೆ ಪರೀಕ್ಷೆಗೆ ರಕ್ತ ಕೊಡಲು ಬರುವವನು. ಚಿಕ್ಕಂದಿನಲ್ಲಿ ಕೀಲು ಹಿಡಿದ ಜ್ವರ ಎದೆಗೆ ಇಳಿದು ಅವನ ಗುಂಡಿಗೆಯ ಒಂದು ಕವಾಟವನ್ನು ಕೆಡಿಸಿತ್ತಂತೆ. ದೊಡ್ಡ ಆಸ್ಪತ್ರೆಯಲ್ಲಿ ಎದೆ ಕೊಯ್ದು, ಕೆಟ್ಟದ್ದನ್ನು ತೆಗೆದು ಲೋಹದ್ದೊಂದನ್ನು ಕೂರಿಸಿದ್ದಾರೆ. ಇರುವವರೆಗೆ ರಕ್ತ ತೆಳುವಾಗಿಡುವ ಗುಳಿಗೆ ನುಂಗಬೇಕು, ಅದು ಎಷ್ಟು ತೆಳುವಾಗಿದೆ ಎಂದು ತಿಂಗಳಿಗೊಮ್ಮೆ ನೋಡಿಸಬೇಕು. ನನ್ನ ಮಗಳು ಅವನ ತೋಳಿಗೆ ಸೂಜಿ ಚುಚ್ಚಿ ಚುಚ್ಚಿ ಮನಸ್ಸು ಕೊಟ್ಟು ಕೂತಿದ್ದಾಳೆ.

“ಗುಳಿಗಿ ತಪ್ಪಿಸದಿದ್ರ ಎಲ್ಲಾರಂಗ ಇರ್ತಾರವ್ವಾ” ಅಂದಳು. ಎಷ್ಟು ವರ್ಷ ಎಂದು ಕೇಳಿದೆ. “ಅದನ್ನ ಯಾರಿಗೆ ಕೇಳಿದ್ರೂ ಹೇಳಂಗಿಲ್ಲ. ನಿನ್ನ ವಿಷಯದಾಗೂ ಹೇಳಂಗಿಲ್ಲ” ಅಂದಳು. ನೋಡು, ಓದಿಸಿದ್ದಕ್ಕೆ ಉತ್ತರ.

ನಾನು ಯಾಕೆ ಅಷ್ಟು ಹೆದರಿದೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಉಸ್ಮಾನ್ ಸಾಬರು ಹೆದ್ದಾರಿ ಪಕ್ಕದ ತಮ್ಮ ಗ್ಯಾರೇಜಿನಲ್ಲಿ ಲಾರಿ ಕೆಳಗಿಂದ ಎದ್ದು ಬಂದು, ಕೈ ಒರೆಸಿಕೊಂಡು, ಚಹಾ ಕುಡಿದು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ತೌಹೀದ ಆಗ ನಿನ್ನ ಸೊಂಟದ ಮೇಲಿದ್ದ. ಗಂಡ ತೀರಿದ ಮೇಲೆ ಮನೆಯೊಳಗೇ ಕಳೆಯುವ ಇದ್ದತ್ತಿನ ದಿನ ಮುಗಿಸಿ ನೀನು ಹೂವಿನ ಬುಟ್ಟಿ ಹೊತ್ತೆ. ಮೊದಲ ದಿನ ಗುಡಿಯ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ, ಕಣಗಿಲೆ ಎಷ್ಟು ಬೇಕು ಎಂದು ಕೇಳಬೇಕಾದವಳು ಸುಮ್ಮನೆ ನನ್ನ ಮುಖ ನೋಡುತ್ತ ನಿಂತೆಯಲ್ಲ, ಆ ಮುಖವನ್ನು ನಾನು ಮರೆತಿಲ್ಲ. ಭಾಗ್ಯ ಆ ಹುಡುಗನ ಹೆಸರು ಹೇಳಿದಾಗಿನಿಂದ ಆ ಬುಟ್ಟಿಯ ಕೆಳಗೆ ನನಗೆ ನನ್ನ ಮಗಳ ಮುಖ ಕಾಣತೊಡಗಿತು. ಊಟ ಸೇರಲಿಲ್ಲ.

ನಾನು ಬೇಡ ಅಂದೆ, ಅವಳು ಬೇಕು ಅಂದಳು. ಮನೆಯಲ್ಲಿ ಮಾತು ನಿಂತಿತು. ಕೊನೆಗೆ ಇವರು ಊಟದ ಹೊತ್ತಿಗೆ, “ನಾವ್ಯಾಕ ಬಡದಾಡೋದು? ಬಸವಣ್ಣನ್ನ ಕೇಳೋಣ. ಆತ ಹೆಂಗಂತಾನ ಹಂಗ” ಅಂದರು. ಭಾಗ್ಯ ತಲೆ ಎತ್ತದೆ, “ಆಗ್ಲಿ ಅಪ್ಪಾಜಿ” ಅಂದುಬಿಟ್ಟಳು. ಲ್ಯಾಬಿನಲ್ಲಿ ದುಡಿಯುವ ಹುಡುಗಿ ಇಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನಾನು ಒಳಗೊಳಗೇ ಹಿಗ್ಗಿದೆ.

ಯಾಕೆ ಹಿಗ್ಗಿದೆ ಎಂದು ನಿನಗೆ ಗೊತ್ತು. ಭೂಮಿಯ ಮೇಲೆ ನಿನಗೊಬ್ಬಳಿಗೇ ಗೊತ್ತು ಎಂದು ನಿನ್ನೆಯವರೆಗೆ ನಾನು ತಿಳಿದಿದ್ದೆ. ನೀನು ತೌಹೀದನ ಜೊತೆ ಹರಪನಹಳ್ಳಿಗೆ ಹೋಗುವವರೆಗೆ ನಮ್ಮ ಗುಡಿಯಲ್ಲಿ ಪ್ರಸಾದ ಕೇಳುವುದು ನಿನ್ನ ಹೂವಿನಿಂದಲೇ ನಡೆದು ಬಂದದ್ದು. ಇವರು ಬಸವಣ್ಣನ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಕಣಗಿಲೆ ಎಸಳು ಹಚ್ಚಿ, ಬಂದವರ ಪ್ರಶ್ನೆಯನ್ನು ದೇವರ ಮುಂದೆ ಇಡುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಆಗಲಿ. ಎಡದ್ದು ಬಿದ್ದರೆ ಬೇಡ. ಅದನ್ನು ನಂಬಿ ಈ ಓಣಿಯವರು ಹೆಣ್ಣು ಕೊಟ್ಟಿದ್ದಾರೆ, ಬೋರು ಕೊರೆಸಿದ್ದಾರೆ, ಮನೆ ಮಾರಿದ್ದಾರೆ. ಇವರ ಮೊಣಕಾಲು ಬಗ್ಗುವುದಿಲ್ಲವೆಂದು ಬೆಳಗಿನ ಮಜ್ಜನ ಮಾತ್ರ ನನ್ನದು. ಕಲ್ಲಿಗೆ ಎಣ್ಣೆ ಸವರಿ, ಕಡಲೆಹಿಟ್ಟು ಹಾಕಿ ತಿಕ್ಕಿ ತೊಳೆಯಬೇಕು. ಯಾವ ಭುಜದ ಎಣ್ಣೆ ತೆಗೆಯಬೇಕು, ಯಾವುದರ ಮೇಲೆ ಕಣ್ಣಿಗೆ ಕಾಣದಷ್ಟು ಉಳಿಸಬೇಕು ಎನ್ನುವುದು ನನ್ನ ಅಂಗೈಗೆ ಗೊತ್ತು. ಎಣ್ಣೆಯ ಮೇಲೆ ಒದ್ದೆ ಎಸಳು ನಿಲ್ಲುವುದಿಲ್ಲ. ನೀನು ಒಂದು ಬೆಳಗ್ಗೆ ಹೂವು ಕೊಡಲು ಬಂದವಳು ನೋಡಿಬಿಟ್ಟು, “ನಿಮ್ಮ ದ್ಯಾವ್ರು ನಿನ್ನ ಕೇಳದ ಬಾಯಿ ಬಿಡಂಗಿಲ್ಲ ಬಿಡಲೇ ದಾಕ್ಷಿ” ಎಂದು ನಕ್ಕಿದ್ದೆ. ಆಮೇಲೆ ಯಾರ ಮುಂದೆಯೂ ಆಡಲಿಲ್ಲ. ಆ ಋಣ ನನ್ನ ಮೇಲಿದೆ.

ನಾನು ಅದನ್ನು ಕೆಟ್ಟದ್ದಕ್ಕೆ ಬಳಸಿದವಳಲ್ಲ. ಸೋಮಪ್ಪ ತನ್ನ ಮಗಳನ್ನು ಆ ಕುಡುಕನಿಗೆ ಕೊಡಲು ಹೊರಟಾಗ ಎಡದ್ದು ಬೀಳದಿದ್ದರೆ ಆ ಹುಡುಗಿಯ ಗತಿ ಏನಾಗುತ್ತಿತ್ತು? ಜನಕ್ಕೆ ಬೇಕಾದದ್ದು ಧೈರ್ಯ. ಅದನ್ನು ಯಾರಾದರೂ ಕೊಡಬೇಕು. ಬಸವಣ್ಣನಿಗೆ ಈ ಓಣಿಯ ಸುದ್ದಿ ನನ್ನಷ್ಟು ಹತ್ತಿರದಿಂದ ಗೊತ್ತಿಲ್ಲದಿರಬಹುದು ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಓದಿ ನಗಬೇಡ.

ನಿನ್ನೆ ಕಾರ್ತಿಕ ಸೋಮವಾರ. ಕನಕ ಜಯಂತಿಯ ರಜೆ ಬೇರೆ, ಭಾಗ್ಯಾಳೂ ಮನೆಯಲ್ಲಿದ್ದಳು. ನಾನು ನಸುಕಿನಲ್ಲೇ ಗುಡಿಗೆ ಹೋಗಿ ಮಜ್ಜನ ಮುಗಿಸಿದೆ. ಬಲ ಭುಜವನ್ನು ಹಿಟ್ಟು ಹಾಕಿ ಚೊಕ್ಕಟ ತಿಕ್ಕಿದೆ. ಎಡಕ್ಕೆ ಕೈತುಂಬ ಎಣ್ಣೆ ಸವರಿ, ಹೊಳಪು ಕಾಣದ ಹಾಗೆ ಬಟ್ಟೆಯಲ್ಲಿ ಒತ್ತಿದೆ. ಬೇಡ ಎಂಬ ಮಾತನ್ನು ಇಷ್ಟು ಗಟ್ಟಿಯಾಗಿ ನಾನು ಯಾವತ್ತೂ ಬರೆದಿರಲಿಲ್ಲ. ಹೊರಗೆ ಬಂದಾಗ ಹಗುರಾಗಿದ್ದೆ. ಬರುವವರಿಗೆಂದು ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತ ಹಾಡು ಬೇರೆ ಗುನುಗಿದೆ.

ಹುಡುಗ ತನ್ನ ದೊಡ್ಡಪ್ಪ ಮರುಳಪ್ಪನವರ ಜೊತೆ ಬಂದ. ತಾಯಿತಂದೆ ಇಲ್ಲ, ಈ ದೊಡ್ಡಪ್ಪನೇ ಸಾಕಿದ್ದು. ನಾನು ಒಣಗಿದ, ಬಿಳಿಚಿಕೊಂಡ ಒಬ್ಬನನ್ನು ಮನಸ್ಸಿನಲ್ಲಿ ಮಾಡಿಟ್ಟುಕೊಂಡಿದ್ದೆ. ಬಂದವನು ಬಿಸಿಲಿಗೆ ಕಪ್ಪಾದ, ಗಟ್ಟಿಮುಟ್ಟಾದ ಆಳು. ಬಾಳೆ ಎಲೆಯಲ್ಲಿ ತನ್ನ ತೋಟದ ಮಲ್ಲಿಗೆ ಕಟ್ಟಿಕೊಂಡು ತಂದಿದ್ದ. ಹಡಗಲಿ ಮಲ್ಲಿಗೆಯ ವಾಸನೆ ನಿನಗೆ ಹೇಳಬೇಕೇ? ಗುಡಿಯೆಲ್ಲ ತುಂಬಿತು. “ಅಮ್ಮಾರೇ, ಮೊಗ್ಗು ಇದ್ದಾಗ ಹರದೀನ್ರಿ, ಈಗ ಅರಳ್ಯಾವ” ಎಂದು ಕೊಟ್ಟ. ನಾನು ನೆಟ್ಟಗೆ ಮುಖ ನೋಡದೆ ಇಸಿದುಕೊಂಡೆ. ಚೆನ್ನಾಗಿ ಕಂಡುಬಿಟ್ಟರೆ ಎಂಬ ಭಯ.

ಇವರು ಮಂತ್ರ ಮುಗಿಸಿ ಎಸಳು ನೀರಲ್ಲಿ ಅದ್ದಿದರು. ಆಗ ಭಾಗ್ಯ ಎದ್ದು, “ಅಪ್ಪಾಜಿ, ಒಂದು ನಿಮಿಷ” ಅಂದಳು. ತಟ್ಟೆಯಲ್ಲಿದ್ದ ವಿಭೂತಿ ಗಟ್ಟಿಯನ್ನು ಪುಡಿಮಾಡಿ, ಹಿಡಿ ತುಂಬ ತೆಗೆದುಕೊಂಡು ಬಸವಣ್ಣನ ಎರಡು ಭುಜಕ್ಕೂ ಹಚ್ಚಿದಳು. ಹಚ್ಚಿ ತಿಕ್ಕಿದಳು. ಆಮೇಲೆ ಹೊಸ ಟವೆಲ್ಲಿನಿಂದ ಒತ್ತಿ ಒತ್ತಿ ಒರೆಸಿದಳು. ಎಡ ಭುಜವನ್ನು ಹೆಚ್ಚು ಹೊತ್ತು ಒರೆಸಿದಳು. ಇವರು ನೋಡಿ ಖುಷಿಪಟ್ಟು, ಮಗಳಿಗೆ ಭಕ್ತಿ ಬಂತು ಎಂದು ಮರುಳಪ್ಪನವರಿಗೆ ಹೇಳಿದರು.

ಖಾಸಿಂ ಬೀ, ಅವಳಿಗೆ ನನ್ನ ಗುಟ್ಟು ಗೊತ್ತಿತ್ತು. ಬೂದಿ ಎಣ್ಣೆ ಕುಡಿಯುತ್ತದೆ ಎಂದು ಪಾತ್ರೆ ತಿಕ್ಕುವ ಯಾರಿಗಾದರೂ ಗೊತ್ತು. ಅವಳು ಫ್ಯಾನಿನ ಸ್ವಿಚ್ಚು ಆರಿಸಿದಳು, ಬಂದು ನನ್ನ ಪಕ್ಕದಲ್ಲಿ ಕುಳಿತಳು, ನನ್ನ ಕೈ ಹಿಡಿದಳು. ಬೆರಳನ್ನು ಮೂಗಿಗೆ ಹಿಡಿದು ನೋಡುತ್ತಾಳೇನೋ ಎಂದು ನಾನು ಕೈ ಎಳೆದುಕೊಳ್ಳಲು ಹೋದೆ. ಬಿಡಲಿಲ್ಲ. ಕಿವಿಯ ಹತ್ತಿರ ಬಂದು, “ಅವ್ವಾ, ಇವತ್ತು ನೀನೂ ನಮ್ಮಂಗ ಕುಂತು ನೋಡು” ಅಂದಳು. ಸಿಟ್ಟಿನಲ್ಲಿ ಅಂದಿದ್ದರೆ ನಾನೂ ಸಿಟ್ಟಾಗಬಹುದಿತ್ತು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ.

ಇವರು ಎಸಳು ಹಚ್ಚಿದರು. ಎರಡೂ ಕಚ್ಚಿ ನಿಂತವು. ಎಲ್ಲರೂ ಕಣ್ಣು ಮುಚ್ಚಿಕೊಂಡರು. ಇಷ್ಟು ವರ್ಷ ಆ ಜಾಗದಲ್ಲಿ ಕುಳಿತಿದ್ದೇನೆ, ಜನ ಉಸಿರು ಬಿಗಿಹಿಡಿದು ಕಾಯುವುದನ್ನು ನೋಡಿದ್ದೇನೆ, ಪಾಪ ಎಂದುಕೊಂಡಿದ್ದೇನೆ. ನಾನು ಯಾವತ್ತೂ ಕಾದವಳಲ್ಲ. ಯಾವುದು ಬೀಳುತ್ತದೆ ಎಂದು ಗೊತ್ತಿಲ್ಲದೆ ಆ ಕಲ್ಲಿನ ಮುಂದೆ ಕುಳಿತದ್ದು ನಿನ್ನೆಯೇ ಮೊದಲು. ಎಷ್ಟು ಮಂದಿಯನ್ನು ಹೀಗೆ ಕೂರಿಸಿದ್ದೇನಲ್ಲ ಎಂದು ಆಗ ಹೊಳೆಯಿತು.

ಹಾಗೆ ಕುಳಿತಿರುವಾಗ ಒಂದು ಸದ್ದು ಕೇಳಿಸಿತು. ಟಿಕ್, ಟಿಕ್, ಟಿಕ್. ಗಡಿಯಾರ ಅಂದುಕೊಂಡೆ. ನಮ್ಮ ಗುಡಿಯಲ್ಲಿ ಗಡಿಯಾರವಿಲ್ಲ. ಮರುಳಪ್ಪನವರ ಕೈ ನೋಡಿದೆ, ವಾಚು ಕಟ್ಟಿರಲಿಲ್ಲ. ಹಲ್ಲಿಯೂ ಅಲ್ಲ, ನಲ್ಲಿಯೂ ಅಲ್ಲ. ಸಣ್ಣ ಸದ್ದು, ತೆಳ್ಳಗೆ, ಒಂದೇ ಸಮನೆ. ಕಿವಿಯಿಟ್ಟು ಹುಡುಕುತ್ತ ಹೋದರೆ ಅದು ಆ ಹುಡುಗನ ಅಂಗಿಯೊಳಗಿಂದ ಬರುತ್ತಿತ್ತು.

ನಾನು ದಿಗ್ಗನೆ ಹಿಂದಕ್ಕೆ ಸರಿದೆ. ಅವನು ಕಣ್ಣು ತೆರೆದ. ನಾನು ನೋಡುತ್ತಿರುವುದನ್ನು ಕಂಡು ನಾಚಿಕೊಂಡು, ಎದೆಯ ಮೇಲೆ ಅಂಗೈ ಒತ್ತಿಕೊಂಡ. ನೆಂಟರ ಮನೆಯಲ್ಲಿ ಅಳುವ ಕೂಸನ್ನು ಸುಮ್ಮನಿರಿಸುವವರ ಹಾಗೆ. “ಕೇಳಸ್ತೈತೇನ್ರಿ ಅಮ್ಮಾರೇ? ಗದ್ದಲ ಇಲ್ಲಂದ್ರ ಕೇಳಸ್ತೈತ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ” ಎಂದು ಪಿಸುಗುಟ್ಟಿದ. ಭಾಗ್ಯ ಕಣ್ಣು ತೆರೆಯದೆಯೇ, “ನನಗ ರೂಢಿ ಆಗೈತಿ” ಅಂದಳು.

ಆಪರೇಷನ್ ಎಂದು ಕೇಳಿದ್ದೆ, ಲೋಹ ಎಂದು ಕೇಳಿದ್ದೆ. ಅದು ಹೀಗೆ ಎಲ್ಲರಿಗೂ ಕೇಳುವಂತೆ ಬಡಿದುಕೊಳ್ಳುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಒಮ್ಮೆ ಕೇಳಿದ ಮೇಲೆ ಬೇರೇನೂ ಕೇಳಿಸಲಿಲ್ಲ. ಒಂದು ಟಿಕ್ ಆದ ಮೇಲೆ ಇನ್ನೊಂದಕ್ಕೆ ಕಾಯುತ್ತೇನೆ. ಬರುತ್ತದೆ. ಮತ್ತೆ ಕಾಯುತ್ತೇನೆ. ಮತ್ತೆ ಬರುತ್ತದೆ. ಮುಂದಿನದು ಬರದಿದ್ದರೆ? ಅಲ್ಲಿ ಸವರಲು ನನ್ನ ಹತ್ತಿರ ಯಾವ ಎಣ್ಣೆಯೂ ಇರಲಿಲ್ಲ. ಅವನು ಮಾತ್ರ ಅಷ್ಟೊತ್ತಿಗೆ ಮತ್ತೆ ಕಣ್ಣು ಮುಚ್ಚಿ, ಮಡಿಲಲ್ಲಿ ಕೈ ಇಟ್ಟುಕೊಂಡು ನೆಮ್ಮದಿಯಾಗಿ ಕುಳಿತಿದ್ದ. ಅದನ್ನು ಹೊತ್ತುಕೊಂಡೇ ಮಲ್ಲಿಗೆ ಬಿಡಿಸುತ್ತಾನೆ, ಅದನ್ನು ಹೊತ್ತುಕೊಂಡೇ ಬಸ್ಸು ಹತ್ತುತ್ತಾನೆ, ನಿದ್ದೆ ಮಾಡುತ್ತಾನೆ.

ಆಗ ನನಗೆ ಉಸ್ಮಾನ್ ಸಾಬರು ನೆನಪಾದರು. ಒಬ್ಬರೇ ಲಾರಿ ಟಯರು ಎತ್ತುತ್ತಿದ್ದರು. ಅವರ ಎದೆ ಒಂದು ದಿನವೂ ಸದ್ದು ಮಾಡಲಿಲ್ಲ, ಮುಂಚಿತವಾಗಿ ಒಂದು ಮಾತು ಹೇಳಲಿಲ್ಲ. ನಿನ್ನ ನಿಕಾಹದ ದಿನ ನಮ್ಮ ಬಸವಣ್ಣನನ್ನು ಕೇಳಿದ್ದರೆ ನಾನೇ ಬಲ ಭುಜಕ್ಕೆ ಎಣ್ಣೆ ಹಚ್ಚಿ ಆಗಲಿ ಅನ್ನಿಸುತ್ತಿದ್ದೆ. ಅಷ್ಟೇ ನನ್ನ ಜಾಣತನ.

ಕಾಯುವುದು ನನ್ನಿಂದ ಆಗಲಿಲ್ಲ. ಎದ್ದೆ. ಎದ್ದದ್ದು ಗೊತ್ತು, ಮುಂದಿನದು ನನಗೇ ಸರಿಯಾಗಿ ನೆನಪಿಲ್ಲ. ಗರ್ಭಗುಡಿಯೊಳಗೆ ಹೋಗಿ, ಎರಡು ಕೈಯಿಂದ ಎರಡು ಭುಜದ ಎಸಳನ್ನೂ ಕಿತ್ತುಬಿಟ್ಟೆ.

ಪೂಜಾರಿಯ ಹೆಂಡತಿ, ಪ್ರಸಾದ ಬೀಳುವ ಮೊದಲೇ ದೇವರ ಮೈಮೇಲಿನ ಹೂವು ಕಿತ್ತಳು. ಇಂಥದ್ದನ್ನು ಈ ಓಣಿ ಕಂಡಿಲ್ಲ. ಮರುಳಪ್ಪನವರು ಶಿವಾ ಎಂದು ಎದ್ದು ನಿಂತರು. ಇವರ ಕೈಯಲ್ಲಿದ್ದ ಗಂಟೆ ಕೆಳಗೆ ಬಿತ್ತು. “ಏನ್ ಮಾಡಿದಿ ಇದು?” ಅಂದರು. ಮದುವೆಯಾದಾಗಿನಿಂದ ಅವರ ಆ ದನಿಯನ್ನು ನಾನು ಕೇಳಿರಲಿಲ್ಲ. ನನಗೆ ಬಂದ ಉತ್ತರ ಒಂದೇ. “ಇದನ್ನ ಕೇಳಬ್ಯಾಡ್ರಿ. ಇದನ್ನ ಕೇಳೋದಲ್ರಿ” ಅಂದೆ. ಅದನ್ನೇ ಮತ್ತೆ ಮತ್ತೆ ಅಂದೆನಂತೆ, ಭಾಗ್ಯ ಆಮೇಲೆ ಹೇಳಿದಳು. ಎಸಳು ಹಿಡಿದ ಮುಷ್ಟಿ ಮಾತ್ರ ಬಿಚ್ಚಲಿಲ್ಲವಂತೆ.

ಯಾರೂ ಮಂಡಕ್ಕಿ ಮುಟ್ಟಲಿಲ್ಲ. ಮರುಳಪ್ಪನವರು ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು. ಹುಡುಗ ಅಂಗಳದಲ್ಲಿ ಚಪ್ಪಲಿ ಮೆಟ್ಟಿಕೊಂಡವನು ತಿರುಗಿ ಬಂದು, “ಅಮ್ಮಾರೇ, ತಪ್ಪು ತಿಳೀಬ್ಯಾಡ್ರಿ. ನೀವು ಹೂವು ತಗದಿದ್ದು ಬ್ಯಾಡ ಅಂತನೋ, ಆಗ್ಲಿ ಅಂತನೋ?” ಎಂದು ಕೇಳಿದ. ಎಂಥ ನೇರ ಹುಡುಗ ನೋಡು. “ಮುಂದಿನ ಸೋಮವಾರ ಊಟಕ್ಕ ಬರ್ರಿ. ಗುಳಿಗಿ ಮರೀಬ್ಯಾಡ್ರಿ” ಅಂದೆ. ಅವನು ತಲೆಯಾಡಿಸಿ ಹೋದ. ಭಾಗ್ಯ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳೋ ನಗುತ್ತಿದ್ದಳೋ, ನನಗೆ ನೋಡುವ ಧೈರ್ಯವಿರಲಿಲ್ಲ.

ಅವರು ಹೋದ ಮೇಲೆ ಇನ್ನೊಂದಾಯಿತು. ಇವರು ಗಂಟೆ ಎತ್ತಿಡಲು ಒಳಗೆ ಹೋದವರು ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಬಸವಣ್ಣನ ಹಿಂಬದಿ ನಿಂತಿದ್ದರು. ಭಾಗ್ಯ ತಿಕ್ಕಿದ ವಿಭೂತಿ ಬಲ ಭುಜದ ಹಿಂದೆ ಪುಡಿಪುಡಿಯಾಗಿ ಉದುರಿತ್ತು. ಎಡ ಭುಜದ ಹಿಂದೆ, ಟವೆಲ್ಲು ಮುಟ್ಟದ ಜಾಗದಲ್ಲಿ, ಬೂದು ಬಣ್ಣದ ಮುದ್ದೆಯಾಗಿ ಅಂಟಿಕೊಂಡಿತ್ತು. ಅದನ್ನು ಬೆರಳಲ್ಲಿ ತೆಗೆದು, ತಿಕ್ಕಿ, ಮೂಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. “ನಾಳಿಂದ ಮಜ್ಜನ ನಾನ ಮಾಡ್ತೀನಿ” ಅಂದರು, ಅಷ್ಟೇ.

ಇವತ್ತು ಬೆಳಗ್ಗೆ ಹಾಗೆಯೇ ಮಾಡಿದರು. ಆ ಮೊಣಕಾಲು ಇಟ್ಟುಕೊಂಡು ಗೋಡೆ ಹಿಡಿದು ಹಿಡಿದು ನೀರು ಹಾಕುವುದನ್ನು ನಾನು ಹೊಸ್ತಿಲಾಚೆ ನಿಂತು ನೋಡಿದೆ. ಅಷ್ಟರಲ್ಲಿ ಗಾಳೆಪ್ಪ ಬಂದ, ನಮ್ಮ ಹಿಂದಿನ ಸಾಲಿನ ಪಾತ್ರೆ ಅಂಗಡಿಯವನು. ಹೊಸ ಅಂಗಡಿಯನ್ನು ಇಲ್ಲೇ ಕೂಡ್ಲಿಗಿಯಲ್ಲಿ ಇಡಬೇಕೋ ಕೊಟ್ಟೂರಿನಲ್ಲೋ ಎಂದು ಪ್ರಸಾದ ಕೇಳಲು ಬಂದಿದ್ದ. ಇವರು, “ಹೂವು ಕೇಳೋದು ನಿಲ್ಲಿಸೀನಿ. ನಿನಗ ಯಾವ ಊರಾಗ ನಿದ್ದಿ ಬರ್ತೈತಿ ಅಲ್ಲಿ ಇಡಪಾ” ಎಂದು ಕಳಿಸಿದರು. ಅವನು ಬೆಪ್ಪಾಗಿ ನನ್ನ ಮುಖ ನೋಡಿದ. ಕೊಟ್ಟೂರಿನಲ್ಲಿ ಬೇಡ ಎಂದು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಇವರು ನನ್ನ ಜೊತೆ ಮತ್ತೆ ಮೊದಲಿನ ಹಾಗೆ ಮಾತಾಡುತ್ತಾರೋ ಇಲ್ಲವೋ ಗೊತ್ತಿಲ್ಲ. ಅದಕ್ಕೂ ಕಾಯಬೇಕು, ಈಗ ಕಾಯುವುದೇ ನನ್ನ ಕೆಲಸ.

ನಿನ್ನೆ ಸಂಜೆ ಅಡುಗೆಮನೆಯಲ್ಲಿ ಭಾಗ್ಯಾಳನ್ನು ಕೇಳಿದೆ, ನಿನಗೆ ಯಾವಾಗಿನಿಂದ ಗೊತ್ತು ಎಂದು. “ಸಣ್ಣಾಕಿದ್ದಾಗಿಂದ ಗೊತ್ತೈತಿ. ಜಡಿ ಹೆಣಿವಾಗ ನಿನ್ನ ಕೈ ಎಣ್ಣಿ ವಾಸನಿ ಹೊಡದ್ರ, ಅವತ್ತು ಯಾರದೋ ಹಣೇಬರಾ ನಿನ್ನ ಕೈಯಾಗ ಐತಿ ಅಂತ ತಿಳೀತಿತ್ತು” ಅಂದಳು. ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಅಂದೆ. “ಕೇಳಾಕ ಬಂದೋರ ವಿಷಯ ನಿನಗ ತಿಳದಿರ್ತಿತ್ತು. ಇದು ನಿನಗೂ ತಿಳಿಯಂಗಿಲ್ಲ ನೋಡವ್ವಾ” ಅಂದಳು. ಆಮೇಲೆ ರೊಟ್ಟಿ ತಟ್ಟುತ್ತ, “ನಿನ್ನ ಜೊತಿ ಒಂದು ಸಲ ಏನೂ ಗೊತ್ತಿಲ್ದಂಗ ಕುಂದ್ರಬೇಕಿತ್ತು. ಇನ್ಮ್ಯಾಲ ನಾನು ದಿನಾ ಹಂಗ ಕುಂದ್ರಬೇಕಲ್ಲ” ಅಂದಳು. ಅವಳಿಗೂ ಹೆದರಿಕೆ ಇದೆ, ಖಾಸಿಂ ಬೀ. ನನಗೆ ಅದು ಗೊತ್ತೇ ಇರಲಿಲ್ಲ. ಹೆದರುವವಳು ನಾನೊಬ್ಬಳೇ, ಅವಳಿಗೆ ಹುಚ್ಚು ಅಷ್ಟೇ ಎಂದು ತಿಳಿದಿದ್ದೆ. ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡೆ.

ನಿನ್ನನ್ನು ಒಂದು ಮಾತು ಕೇಳಬೇಕು. ಇಷ್ಟು ವರ್ಷ ಕೇಳಲು ಬಾಯಿ ಬರಲಿಲ್ಲ. ಉಸ್ಮಾನ್ ಸಾಬರು ಅಷ್ಟೇ ದಿನ ಇರುತ್ತಾರೆ ಎಂದು ಮೊದಲೇ ಯಾರಾದರೂ ಹೇಳಿದ್ದರೆ ನೀನು ಅವರನ್ನು ಬೇಡ ಅನ್ನುತ್ತಿದ್ದೆಯಾ? ಈಗಲೂ ಚಹಾ ಕೈಗೆ ಬಂದರೆ, ಅವರು ಬಸಿಗೆ ಸುರಿದುಕೊಂಡು ಊದಿ ಊದಿ ಕುಡಿಯುತ್ತಿದ್ದುದನ್ನು ಮಾಡಿ ತೋರಿಸಿ ನಗುತ್ತೀ. ಅದೇ ಉತ್ತರ ಎಂದುಕೊಂಡಿದ್ದೇನೆ. ಆದರೂ ನಿನ್ನ ಕೈಯಿಂದ ಬರೆದು ಕಳಿಸು.

ಮುಂದಿನ ಸೋಮವಾರ ನೀನು ಬರಲೇಬೇಕು. ತೌಹೀದನಿಗೆ ಹೇಳು, ಬಸ್ ಹತ್ತಿಸುತ್ತಾನೆ. ಆ ಹುಡುಗ ಸೊಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ತಿನ್ನಬಾರದಂತೆ, ಗುಳಿಗೆಗೆ ಆಗಿಬರುವುದಿಲ್ಲವಂತೆ. ಪುಂಡಿ ಸೊಪ್ಪಿನ ಪಲ್ಯ ಬಿಟ್ಟು ಬೀಗರಿಗೆ ಏನು ಬಡಿಸುವುದೋ ನನಗೆ ತಿಳಿಯದು, ನೀನೇ ಬಂದು ಹೇಳು. ನಿನಗೆ ಆ ಸದ್ದು ಕೇಳಿಸುವುದಿಲ್ಲ. ನನ್ನ ಪಕ್ಕದಲ್ಲಿ ಕುಳಿತುಕೋ, ನನಗೆ ಅಷ್ಟು ಧೈರ್ಯ ಸಾಕು.

ಮಕ್ಕಳಿಗೆ ಆಶೀರ್ವಾದ. ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕು.

ನಿನ್ನ
ದಾಕ್ಷಿ

ಮರೆತಿದ್ದೆ: ಮರೆತಿದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಲಕೋಟೆ ಅಂಟಿಸಲು ಹೋಗಿ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಕಾಯಲಾಗದೆ ಎದ್ದೆ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಎಲ್ಲರೂ ಕಣ್ಣು ಮುಚ್ಚಿದ್ದಾಗ ನಾನೊಬ್ಬಳು ನೋಡುತ್ತಿದ್ದೆ. ಎಡದ ಎಸಳು ಜಾರತೊಡಗಿತ್ತು. ನಾನು ಬೇಡಿಕೊಂಡದ್ದೇ ಅದು, ಇನ್ನು ಕೂದಲೆಳೆಯಷ್ಟು ಜಾರಿದರೆ ನನ್ನ ಮಾತು ಗೆಲ್ಲುತ್ತಿತ್ತು. ಆದರೆ ನನ್ನ ಕಿವಿಯಲ್ಲಿ ಆ ಟಿಕ್ ಟಿಕ್ ಇತ್ತು, ನನ್ನ ಕೈ ನನಗಿಂತ ಮೊದಲು ಎದ್ದಿತು. ಅದು ಜಾರಿದ್ದು ಬಸವಣ್ಣನ ಮಾತೋ, ಒರೆಸಿದರೂ ಉಳಿದ ನನ್ನ ಎಣ್ಣೆಯೋ, ಇನ್ನು ಯಾರೂ ಹೇಳಲಾರರು. ಭಾಗ್ಯಾಳಿಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ಎರಡು ಎಸಳನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದೆ. ಈಗಷ್ಟೇ ಬಿಚ್ಚಿ ನೋಡಿದೆ. ಎರಡೂ ಒಂದೇ ಥರ ಬಾಡಿವೆ. ಯಾವುದು ಎಡದ್ದು, ಯಾವುದು ಬಲದ್ದು ಎಂದು ನನಗೂ ಗುರುತು ಸಿಗಲಿಲ್ಲ. ಹಿತ್ತಲಿಗೆ ಹೋಗಿ ಕಣಗಿಲೆ ಗಿಡದ ಬುಡಕ್ಕೆ ಹಾಕಿ, ಒಂದು ತಂಬಿಗೆ ನೀರು ಹಾಕಿ ಬಂದೆ.